ಧಾರವಾಡದ ಹತ್ತಿ, ಲ್ಯಾಂಕಾಶೈರಿನ ಬಟ್ಟೆ



ಅಲ್ ಅಜೀಜಿಯಾದ ಅಂಗಡಿಯಲ್ಲಿ ಅಂಗಿ ಕೊಳ್ಳುವಾಗ ಒಳಗಿನ ಚೀಟಿ ನೋಡಿ. ಹೊಲಿದ ದೇಶದ ಹೆಸರಿರುತ್ತದೆ. ಹತ್ತಿ ಯಾರ ಹೊಲದ್ದು ಎಂದಿರುವುದಿಲ್ಲ. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಗಿರಣಿಗಳಿಗೆ ನಮ್ಮ ಧಾರವಾಡದ ಎರೆಹೊಲದ ಹತ್ತಿಯೂ ಹೋಗುತ್ತಿತ್ತು.

ಲ್ಯಾಂಕಾಶೈರಿನ ಯಂತ್ರಗಳಿಗೆ ಉದ್ದ ಎಳೆ ಬೇಕು. ನಮ್ಮ ನಾಡಹತ್ತಿಯದು ಗಿಡ್ಡ. ಹಾಗಾಗಿ 1840ರ ದಶಕದಲ್ಲಿ ಕಂಪನಿ ಸರ್ಕಾರ ಇಲ್ಲಿ ಅಮೆರಿಕದ ತಳಿ ಬಿತ್ತಿಸಿತು. ಎಲ್ಲಿಯದೋ ಯಂತ್ರಕ್ಕಾಗಿ ನಮ್ಮ ಹೊಲ ಬದಲಾಗಬೇಕಾಯಿತು, ನೋಡಿ! 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು, ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರಾಗಿಸಬೇಕೆಂಬ ವ್ಯಾಪಾರಿಗಳ ಒತ್ತಾಯ ಇದರ ಹಿಂದಿತ್ತು. 1865ಕ್ಕೆ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಗಿರಣಿಯ ಬಟ್ಟೆ ಮಾತ್ರ ನಮ್ಮ ಸಂತೆಗಳಿಗೆ ಬರುತ್ತಲೇ ಇತ್ತು. ನೇಕಾರರ ಕಷ್ಟ ಎಲ್ಲರೂ ಬರೆದಿದ್ದಾರೆ. ಅವರಿಗಿಂತ ಮೊದಲೇ ಕೆಲಸ ಕಳೆದುಕೊಂಡವರು ಮನೆಯಲ್ಲಿ ಕೂತು ನೂಲುತ್ತಿದ್ದ ಹೆಂಗಸರು.

ಆ ನೂಲನ್ನೇ ಗಾಂಧೀಜಿ ಹಿಡಿದರು. 1924ರ ಡಿಸೆಂಬರಿನಲ್ಲಿ ಅವರು ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಒಂದು ನಿಯಮ ಒಪ್ಪಿತು: ಸದಸ್ಯರು ಚಂದಾ ಹಣದ ಬದಲು ತಿಂಗಳಿಗೆ 2000 ಗಜ ಕೈನೂಲು ಕೊಡಬೇಕು. ವಕೀಲರೂ ರಾಟೆ ಮುಂದೆ ಕೂರಬೇಕು! ತಾವು ನೂಲದವರು ಬೇರೆಯವರಿಂದ ಪಡೆದು ಕೊಡಬಹುದಿತ್ತು. ಆದರೂ ಮರುವರ್ಷವೇ ನಿಯಮ ಸಡಿಲವಾಯಿತು. ಗಿರಣಿಗೆ ಎದುರು ನಿಲ್ಲುವುದು ಭಾಷಣದಷ್ಟು ಸುಲಭವಿರಲಿಲ್ಲ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಇಂದಿಗೂ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. 2021ರ ಕೊನೆಯಲ್ಲಿ ಧ್ವಜಸಂಹಿತೆ ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಈ ಆಗಸ್ಟ್ 15ಕ್ಕೆ ನಿಮ್ಮ ಕೈಗೆ ಬರುವ ಧ್ವಜದ ಬಟ್ಟೆಯನ್ನು ಒಮ್ಮೆ ಮುಟ್ಟಿ ನೋಡಿ.