ಮಹಡಿಯ ಮೇಲಿನ ಅತಿಥಿ

ನ್ಯೂಯಾರ್ಕ್ ರಾಜ್ಯದಲ್ಲಿ 1787ರ ಶಾಸನದಂತೆ ವ್ಯಭಿಚಾರವನ್ನು ರುಜುವಾತುಪಡಿಸಿದರೆ ಮಾತ್ರ ಪೂರ್ಣ ವಿಚ್ಛೇದನ ದೊರೆಯುತ್ತಿತ್ತು. 1967ರವರೆಗೂ ಇದೇ ಸ್ಥಿತಿ. ಹಣವುಳ್ಳವರು ನಿಯಮ ಸಡಿಲವಾಗಿದ್ದ ಬೇರೆ ರಾಜ್ಯಗಳಿಗೆ ಹೋಗಿ, ಕೆಲವು ತಿಂಗಳು ನೆಲೆಸಿ, ಬಿಡುಗಡೆ ಪಡೆದು ಬರುತ್ತಿದ್ದರು. ನ್ಯಾಯಾಲಯವೇನೋ ಹೆಣ್ಣಿಗೆ ಪತ್ರ ಬರೆದುಕೊಡುತ್ತಿತ್ತು. ಆಮೇಲೆ ಔತಣದ ಕರೆಯೋಲೆಗಳು ನಿಂತುಹೋಗುತ್ತಿದ್ದುವು. ಬಾರದೆ ಹೋದ ಆ ಕರೆಯೋಲೆಗಳ ಇತಿಹಾಸವನ್ನು ನಾನು ಅರಿತದ್ದು ಶಾಸನಗ್ರಂಥಗಳಿಂದಲ್ಲ, ಈಡಿತ್ ವಾರ್ಟನ್ ಅವರ ಸಣ್ಣಕತೆಗಳಿಂದ.

ವಾರ್ಟನ್ 1862ರಲ್ಲಿ ನ್ಯೂಯಾರ್ಕಿನ ಹಳೆಯ ಸಿರಿವಂತ ಮನೆತನದಲ್ಲಿ ಹುಟ್ಟಿದರು. ಆ ವರ್ಗದವರು ದನಿಯೆತ್ತಿ ಬಯ್ಯುವವರಲ್ಲ. ಅವರ ಶಿಕ್ಷೆಯೆಲ್ಲ ಮೌನದಲ್ಲಿ ನಡೆಯುವುದು. 1904ರ 'ದಿ ಅದರ್ ಟೂ' ಕತೆಯಲ್ಲಿ ಒಬ್ಬಾತ ತನ್ನ ಹೆಂಡತಿಯ ಹಿಂದಿನ ಇಬ್ಬರು ಗಂಡಂದಿರೊಡನೆ ಕುಳಿತು ಚಹ ಕುಡಿಯಬೇಕಾಗುತ್ತದೆ. ವಿನೋದವೇ ಸರಿ. ಆದರೆ ಒಬ್ಬೊಬ್ಬರಿಗೂ ಒಗ್ಗಿಕೊಂಡು ಬಂದ ಆಕೆಯಲ್ಲಿ ತನ್ನದೆಂಬುದು ಏನು ಉಳಿದಿದೆ?

ನನ್ನನ್ನು ಬಹುಕಾಲ ಕಾಡಿದ ಕತೆ ಬೇರೊಂದು. 1911ರಲ್ಲಿ 'ಸೆಂಚುರಿ' ಪತ್ರಿಕೆಯಲ್ಲಿ ಬೆಳಕು ಕಂಡ ಅದು 1916ರ ಸಂಕಲನದಲ್ಲಿ 'ಓತ್ರ್ ತಾಂ' ಎಂಬ ಹೆಸರು ಪಡೆಯಿತು. ಕಾಲ ಬೇರೆಯಾದರೆ ನಡತೆಯೂ ಬೇರೆ ಎಂಬ ಫ್ರೆಂಚ್ ಗಾದೆಯ ಮೊದಲರ್ಧ ಅದು. ಉಳಿದರ್ಧವನ್ನು ಲೇಖಕಿ ಬರೆಯದೆ ಬಿಟ್ಟಿದ್ದಾರೆ. ಶ್ರೀಮತಿ ಲಿಡ್‌ಕೋಟ್ ಗಂಡನನ್ನು ತೊರೆದ ತಪ್ಪಿಗೆ ಇಟಲಿಯಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಬಾಳಿದವಳು. ಮಗಳೂ ವಿಚ್ಛೇದನ ಪಡೆದು ಮರುಮದುವೆಯಾದಳೆಂದು ಕೇಳಿ, ತನ್ನ ಗತಿಯೇ ಅವಳಿಗೂ ಒದಗೀತೆಂಬ ಆತಂಕದಿಂದ ಹಡಗೇರಿ ಬರುತ್ತಾಳೆ. ನೋಡಿದರೆ, ಮಗಳ ಮನೆ ತುಂಬ ಅತಿಥಿಗಳು! ಕಾಲ ಬದಲಾಗಿದೆ, ಹಾಗಾದರೆ ತಾನೂ ಮುಕ್ತಳು ಎಂದು ತಾಯಿ ಒಂದು ಗಳಿಗೆ ನಂಬುತ್ತಾಳೆ. ಆದರೆ ಆಕೆಯ ಊಟ ಮಹಡಿಯ ಕೋಣೆಗೇ ಬರುತ್ತದೆ. ಪ್ರಯಾಣದ ಆಯಾಸ, ವಿಶ್ರಮಿಸಿಕೊಳ್ಳಲಿ ಎಂಬ ಉಪಚಾರ. ಕೆಳಗಿರುವ ಗಣ್ಯಸ್ತ್ರೀಯೊಬ್ಬಳಿಗೆ ಮುಜುಗರವಾಗಬಾರದು. ಅಳಿಯನಿಗೆ ಆಕೆಯ ಗಂಡನಿಂದ ರಾಯಭಾರ ಕಚೇರಿಯಲ್ಲಿ ಹುದ್ದೆಯಾಗಬೇಕಿದೆ. ತಾನು ಕೆಳಗಿಳಿಯುವುದಿಲ್ಲವೆಂದು ತಾಯಿಯೇ ಹೇಳಿದಾಗ ಮಗಳ ಮುಖ ಕೆಂಪೇರುತ್ತದೆ. ಅದು ನಾಚಿಕೆಯೂ ಹೌದು, ನೆಮ್ಮದಿಯೂ ಹೌದು.

ಕೇಳುಗರು ಗಮನಿಸಬೇಕು, ಇಲ್ಲಿ ಯಾರೂ ಕ್ರೂರಿಗಳಲ್ಲ. ಹಿಂಸಿಸುವ ಗಂಡ, ಗದರುವ ಅತ್ತೆ ಇರುವ ಕತೆಗಳಿಗಿಂತ ನನಗೆ ಇದು ಹೆಚ್ಚು ಭಯಾನಕವೆನಿಸುತ್ತದೆ. ಮಗಳನ್ನು ಒಪ್ಪಿದ ಸಮಾಜಕ್ಕೆ ತಾಯಿಯ ಹಳೆಯ ಕಡತವನ್ನು ಮತ್ತೆ ಬಿಚ್ಚಲು ಬಿಡುವಿಲ್ಲ. ಕಾರಣ ಮರೆತುಹೋಗಿದೆ, ತೀರ್ಪು ಜಾರಿಯಲ್ಲಿದೆ. ಆಕೆಯನ್ನು ವರಿಸಬಯಸುವ ಸಜ್ಜನನೂ, ಪರಿಚಯದ ಹೆಂಗಸರ ಬಳಿಗೆ ಕರೆದೊಯ್ಯೆಂದಾಗ ನೆಪ ಹೇಳಿ ಮಗಳಂತೆಯೇ ಕೆಂಪಾಗುತ್ತಾನೆ.

ಕತೆ ಅಚ್ಚಾಗಿ ಎರಡು ವರ್ಷಕ್ಕೆ, 1913ರಲ್ಲಿ, ವಾರ್ಟನ್ ತಮ್ಮ 28 ವರ್ಷಗಳ ದಾಂಪತ್ಯದಿಂದ ವಿಚ್ಛೇದನ ಪಡೆದರು, ನ್ಯೂಯಾರ್ಕಿನಲ್ಲಲ್ಲ, ಪ್ಯಾರಿಸ್ಸಿನಲ್ಲಿ. ಬರೆಯುವಾಗಲೇ ತಮ್ಮ ಮುಂದಿನ ದಿನಗಳನ್ನು ಲೆಕ್ಕ ಹಾಕುತ್ತಿದ್ದರೇನೋ ಎಂದು ನನ್ನ ಗುಮಾನಿ. 1921ರಲ್ಲಿ ಅವರ ಕಾದಂಬರಿಗೆ ಪುಲಿಟ್ಜರ್ ಬಹುಮಾನ ಬಂತು. ಕಾದಂಬರಿಗಾಗಿ ಅದನ್ನು ಪಡೆದ ಮೊದಲ ಮಹಿಳೆ ಅವರು. 1923ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಸ್ವೀಕರಿಸಲು ಹಡಗಿನಲ್ಲಿ ತಾಯ್ನಾಡಿಗೆ ಬಂದು, ಕೆಲವು ದಿನವಿದ್ದು, ಮರಳಿದರು. 1937ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಅಮೆರಿಕದ ನೆಲ ಮೆಟ್ಟಲಿಲ್ಲ.