ತತ್ತಿ ಹೆಚ್ಚಾದ್ವು, ಕೋಳಿಗೆ ಬ್ಯಾನಿ ಯಾಕ ಬಂತು?

ಅಕ್ಕಾರ, ವೈನಿಗೋಳ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಿತ್ತಲ ಕೋಳಿ ಅಂದ್ರ ಮೊದಲಿಂದ್ಲೂ ಹೆಣ್ಮಕ್ಕಳ ಬದುಕು. ಹಾಲಿನ ರೊಕ್ಕ ಗಂಡಸರ ಕಿಸೆಕ್ಕ ಹೋದ್ರೂ ತತ್ತಿ ರೊಕ್ಕ ನಮ್ಮ ಸೆರಗಿನ ಗಂಟಿನ್ಯಾಗ ಉಳೀತಿತ್ತು. ಹಿಂಗಾಗಿ ಕೋಳಿ ಮೂಲ್ಯಾಗ ಕುಂತು ತಿಣಕಾಕ ಹತ್ತಿದ್ರ, ತೊಗಲ ತತ್ತಿ ಹಾಕಿದ್ರ, ಮೊದಲ ಎದಿ ಧಸಕ್ ಅನ್ನೂದು ನಮಗ.

ನಮ್ಮ ಆಯಿ ಸಾಕಿದ್ದು ಜವಾರಿ ಕೋಳಿ. ತತ್ತಿ ಸಿಕ್ಕೊಂಡು ಸತ್ತ ಕೋಳಿ ತನ್ನ ಜಲ್ಮದಾಗ ಒಂದೆರಡು ನೋಡಿದ್ದೆ ಅಂತಿದ್ಲು. ಅದಕ್ಕ ಕಾರಣ ಕೋಳಿಯ ಹಳೇ ಚರಿತ್ರಿಯೊಳಗ ಐತಿ. ಕೋಳಿಯ ಮೂಲ ಕೆಂಪು ಕಾಡುಕೋಳಿ. ಅದು ವರ್ಷಕ್ಕ ಇಡೂದು ಹತ್ತು-ಹದಿನೈದು ತತ್ತಿ. ಸಾವಿರಾರು ವರ್ಷ ಮನ್ಯಾಗ ಸಾಕಿ ಸಾಕಿ ಜವಾರಿ ಕೋಳಿ 50-80ಕ್ಕ ಬಂತು. ಅದೂ ಒಂದೇ ಸಮ ಅಲ್ಲ. ಹತ್ತು-ಹದಿನೈದು ತತ್ತಿ ಇಟ್ಟು ಕಾವಿಗೆ ಕೂಡತೈತಿ, ಮರಿ ಮಾಡತೈತಿ, ಮರಿ ಕಟಗೊಂಡು ತಿಪ್ಪಿ ಕೆದರತೈತಿ. ಆ ಬಿಡುವಿನ್ಯಾಗ ಅದರ ಎಲಬು ಮತ್ತ ಸುಣ್ಣ ತುಂಬಿಕೊಳ್ಳತಿತ್ತು.

ಯಾಕಂದ್ರ ಒಂದು ತತ್ತಿಯ ಸಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ತತ್ತಿ ತಯಾರಾಗಾಕ 24-26 ತಾಸು ಹಿಡಿದ್ರ ಅದರಾಗ 20 ತಾಸು ಬರೇ ಸಿಪ್ಪಿ ಕಟ್ಟೂದಕ್ಕ. ತಿಂದ ಕೂಳಿನ್ಯಾಗ ಸುಣ್ಣ ಸಾಲದಿದ್ರ ಕೋಳಿ ತನ್ನ ಎಲಬು ಕರಗಿಸಿ ಕೊಡತೈತಿ. ಅದೂ ಮುಗಿದ್ರ ತೊಗಲ ತತ್ತಿ. ತತ್ತಿ ಹೊರಗ ನೂಕೂ ಸ್ನಾಯುಕ್ಕೂ ಅದೇ ಕ್ಯಾಲ್ಸಿಯಂ ಬೇಕು, ಅದಿಲ್ಲಂದ್ರ ತತ್ತಿ ನಡುವ ನಿಂದರತೈತಿ. ಬಾಣಂತಿಗೆ ಉಪವಾಸ ಕೆಡವಿದಂಗ ಇದು.

ಇನ್ನ ಕೊಕ್ಕರೆ ರೋಗ. 1926ರಾಗ ಜಾವಾದಾಗ, ಇಂಗ್ಲೆಂಡಿನ ನ್ಯೂಕ್ಯಾಸಲ್‌ದಾಗ ಕಾಣಿಸ್ತು. ಮರುವರ್ಷ ನಮ್ಮ ದೇಶದ ರಾಣಿಖೇತದಾಗ. ಅದಕ್ಕ ಡಾಕ್ಟರ್ ಮಂದಿ ರಾಣಿಖೇತ ಅಂತಾರ. ಹಿಂದಿನವರು ಗಾಳಿ, ದೃಷ್ಟಿ ಅಂತ ಬೇವಿನ ತಪ್ಪಲ ಕಟ್ಟತಿದ್ರು, ಅತ್ತ ಕೋಳಿ ಬುಟ್ಟಿ ಬರಿದಾಗತಿತ್ತು. ಉಳದ ಕೋಳಿನೂ ತತ್ತಿ ಕಡಿಮಿ ಮಾಡತಾವು, ಮಾಡಿದ್ರ ತೆಳು ಸಿಪ್ಪಿ, ಸೊಟ್ಟ ತತ್ತಿ. ಮರಿ ಇದ್ದಾಗ ಲಾಸೋಟ ಹನಿ, ಎಂಟು ವಾರದ ಸುತ್ತ ಆರ್‌ಟುಬಿ ಚುಚ್ಚಮದ್ದು: ಇಷ್ಟಕ್ಕ ದವಾಖಾನಿಗೆ ಹೋಗಾಕ ನಾವು ಇನ್ನೂ ಮೈಗಳ್ಳತನ ಮಾಡತೇವಿ, ನನಗ ಸಿಟ್ಟು ಬರೂದು ಅದಕ್ಕ.

1980ರ ದಶಕದ ಕೊನಿಗೆ ಬೆಂಗಳೂರಿನ ಹೆಬ್ಬಾಳದಾಗ ಕೃಷಿ ವಿಶ್ವವಿದ್ಯಾಲಯದವರು ಗಿರಿರಾಜ ತಳಿ ತಂದ್ರು. ಆಮ್ಯಾಲ ಸ್ವರ್ಣಧಾರಾ ಬಂತು. ಗಿರಿರಾಜ ವರ್ಷಕ್ಕ 130-150 ತತ್ತಿ ಇಡತೈತಿ, ತತ್ತಿನೂ ದಪ್ಪ, ಕಾವಿಗೆ ಕೂಡೂದು ಕಡಿಮಿ. ಛಲೋನ ಆತು. ಆದ್ರ ನಾವು ಹಾಕೂದು ಅದೇ ಜೋಳದ ನುಚ್ಚು, ಅದೇ ಗೊಂಜಾಳ. ಇವೆರಡರಾಗೂ ಸುಣ್ಣ ಇಲ್ಲಂದ್ರೂ ನಡದೀತು. ಕೋಳಿಗೆ ಕೊಬ್ಬು ಏರತೈತಿ, ಎಲಬು ಸವೀತೈತಿ, ದಪ್ಪ ತತ್ತಿ ಸಿಕ್ಕೊಳ್ಳತೈತಿ. ತಳಿ ಮ್ಯಾಲ ತಪ್ಪು ಹಾಕೂದು ಸರಿ ಅಲ್ಲ.

ಬೆಳಕಿನ ಸುದ್ದಿನೂ ಐತಿ. ಕೋಳಿಗೆ ತತ್ತಿ ಇಡಾಕ ಹಗಲು ಉದ್ದ ಇರಬೇಕು. ಡಿಸೆಂಬರದಾಗ ನಮ್ಮ ಕಡೆ ಹಗಲು 11 ತಾಸಿನ ಮ್ಯಾಲ ಸ್ವಲ್ಪ. ಆಗ ಪುಕ್ಕ ಉದರಿಸಿ ಸುಮ್ಮನಿರೂ ಕೋಳಿ ರೋಗದ್ದಲ್ಲ, ಬಂಜಿನೂ ಅಲ್ಲ, ಮಸಾಲಿ ಅರೀಬ್ಯಾಡ್ರಿ. ಹುಕ್ಕೇರಿಯೊಳಗ 1969ರಾಗನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಈಗ ಎಲ್ಲಾರ ಮನ್ಯಾಗೂ ಕರೆಂಟ್ ಐತಿ, ಗೂಡಿಗೆ ರಾತ್ರಿತನಕ ಬಲ್ಬ್ ಹಚ್ಚಿದ್ರ ತತ್ತಿ ಹೆಚ್ಚಾಗತಾವು. ಸುಣ್ಣ ಕೊಡದ ಬಲ್ಬ್ ಅಷ್ಟೇ ಹಚ್ಚಿದ್ರ ಕೋಳಿಯ ಎಲಬಿನಿಂದ ಸಾಲ ತಗೊಂಡಂಗ.

ತತ್ತಿ ಸಿಕ್ಕೊಂಡ ಕೋಳೀನ ಉಗುರಬೆಚ್ಚನ ನೀರಿನ್ಯಾಗ ಹತ್ತು-ಹದಿನೈದು ಮಿನಿಟು ಕುಂದರಸ್ರಿ, ಒರಸಿ, ಕತ್ತಲ್ಯಾಗ ಬೆಚ್ಚಗ ಇಡ್ರಿ. ಹೊಟ್ಟಿ ಹಿಚಕಬ್ಯಾಡ್ರಿ, ಒಳಗ ಒಡದ್ರ ನಂಜಾಗತೈತಿ. ಅವತ್ತ ಬರದಿದ್ರ ದನದ ಡಾಕ್ಟರ್ ಕಡೆ ಒಯ್ರಿ. ಉಳದ ಕೋಳಿಗೆ ತತ್ತಿ ಸಿಪ್ಪಿ ಹುರದು ಪುಡಿ ಮಾಡಿ ಬ್ಯಾರೆ ಬಟ್ಟಲದಾಗ ಇಡ್ರಿ, ಬೇಕಾದಷ್ಟು ತಾವ ತಿಂತಾವು. ಎಲಿ-ಅಡಿಕಿ ಡಬ್ಬಿಯ ಸುಣ್ಣ ಮಾತ್ರ ಹಾಕಬ್ಯಾಡ್ರಿ, ಅದರ ಬಾಯಿ ಸುಡತೈತಿ.