ಅಪರೂಪದ ಕಾರ್ಡ್, ಮಾಮೂಲಿ ನಾಣ್ಯ: ನಾಸಿಕ್‌ನ 1906ರ ನಿಧಿ

ಪುಣೆ, ನಾಸಿಕ್, ಸಂಭಾಜಿನಗರದ ಕಡೆ ಕೆಲಸಕ್ಕೆ ಬಂದು ನೆಲೆಸಿರೋ ಕನ್ನಡಿಗರಿಗೆ ಈ ಸಲ ನಿಮ್ಮ ಸುತ್ತಮುತ್ತಲಿನದ್ದೇ ಒಂದು ಕಥೆ. ಆದರೆ ಶುರು ಮಾಡೋದು ಬಬಲ್ ಗಮ್‌ನಿಂದ.

ಎಂಬತ್ತು–ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಬಿಗ್ ಫನ್ ನೆನಪಿರುತ್ತೆ. ಗಮ್ ಬಾಯಿಗೆ, ಕ್ರಿಕೆಟ್ ಕಾರ್ಡ್ ಜೇಬಿಗೆ. ನಿಜ ಹೇಳ್ಬೇಕಂದ್ರೆ ದುಡ್ಡು ಕೊಡ್ತಿದ್ದಿದ್ದು ಗಮ್‌ಗಲ್ಲ, ಕವರ್ ಹರಿಯೋ ಆ ಅರೆಕ್ಷಣಕ್ಕೆ. ಇರೋ ಕಾರ್ಡೇ ಮತ್ತೆ ಬಂದ್ರೆ ಮುಖ ಸಪ್ಪೆ. ಯಾರ ಹತ್ರನೂ ಇಲ್ಲದ್ದು ಬಂದ್ರೆ ಇಡೀ ಬೀದಿಗೆ ಸುದ್ದಿ. ಮಿಕ್ಕ ಮಾಮೂಲಿ ಕಾರ್ಡ್‌ಗಳು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮೂಲೆ ಸೇರುತ್ತಿದ್ದವು.

ಅಪರೂಪ ಅನ್ನೋದು ಹುಟ್ಟೋ ರೀತಿ ಮಾತ್ರ ವಿಚಿತ್ರ. ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಬೇಸ್‌ಬಾಲ್ ಕಾರ್ಡ್ ಮಾಡಿತು. ಮಾರಾಟವಾಗದೆ ಗೋದಾಮಿನಲ್ಲಿ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ತುಂಬಿ ನ್ಯೂಯಾರ್ಕ್ ಹತ್ತಿರ ಸಮುದ್ರಕ್ಕೆ ಸುರಿದರು. ಆ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು. ಎಸೆದಿದ್ದರಿಂದ ಬೆಲೆ ಬಂತು ನೋಡಿ!

ನಾಸಿಕ್‌ನಲ್ಲೂ ಒಂದು ‘ಪ್ಯಾಕ್’ ತಯಾರಾಗುತ್ತೆ. ನಾಸಿಕ್ ರೋಡ್‌ನ ಕರೆನ್ಸಿ ನೋಟ್ ಪ್ರೆಸ್ 1928ರಿಂದ ನೋಟು ಮುದ್ರಿಸ್ತಿದೆ. ಬ್ಯಾಂಕಿನಿಂದ ಗರಿಗರಿ ಕಟ್ಟು ತಂದು ಕೆಲವರು ಒಂದೊಂದೇ ನೋಟು ತಿರುವಿ ಹಾಕೋದು ನೀವು ನೋಡಿರಬಹುದು. ಅವರು ಹುಡುಕೋದು ನಂಬರಿನ ನಡುವೆ ನಕ್ಷತ್ರ ಇರೋ ನೋಟನ್ನ, ಇಲ್ಲಾ 786ರಲ್ಲಿ ಮುಗಿಯೋದನ್ನ. ಮುದ್ರಣದಲ್ಲಿ ಕೆಟ್ಟ ನೋಟಿನ ಜಾಗಕ್ಕೆ ನಕ್ಷತ್ರದ ನೋಟು ಸೇರಿಸೋ ಪದ್ಧತಿಯನ್ನ ರಿಸರ್ವ್ ಬ್ಯಾಂಕ್ 2006ರಲ್ಲಿ 10, 20, 50 ರೂಪಾಯಿಗಳಿಂದ ಶುರು ಮಾಡಿತು. ಅಂದ್ರೆ ಅದು ಒಂದು ತಪ್ಪಿನ ಬದಲಿ, ಅಷ್ಟೆ. ಬೇರೆ ನೋಟಿಗಿರೋ ಬೆಲೆಯೇ ಅದಕ್ಕೂ ಅಂತ 2023ರ ಜುಲೈನಲ್ಲಿ ಬ್ಯಾಂಕೇ ಹೇಳಬೇಕಾಯ್ತು. ಹಳೇ ನೋಟು, ನಾಣ್ಯ ಲಕ್ಷಗಟ್ಟಲೆಗೆ ಕೊಳ್ತೀವಿ ಅಂತ ಹೇಳಿ, ರಿಸರ್ವ್ ಬ್ಯಾಂಕ್ ಹೆಸರಲ್ಲೇ ‘ಕಮಿಷನ್’, ‘ತೆರಿಗೆ’ ಕೇಳೋರ ಬಗ್ಗೆ 2021ರಲ್ಲೇ ಎಚ್ಚರಿಕೆ ಬಂದಿತ್ತು. ಊರಲ್ಲಿರೋ ಅಪ್ಪ-ಅಮ್ಮನ ಫೋನಿಗೆ ಇಂಥ ಮೆಸೇಜ್ ಬಂದಿದ್ರೆ ದಯವಿಟ್ಟು ಒಂದು ಮಾತು ಹೇಳಿ.

ಈಗ ವಿಷಯಕ್ಕೆ ಬರೋಣ. ನಾಣ್ಯ ಸಂಗ್ರಹಿಸೋರಿಗೆ ನೂರಿಪ್ಪತ್ತು ವರ್ಷದ ಹಿಂದೆ ಒಂದು ‘ಅಪರೂಪದ ಕಾರ್ಡ್’ ಇತ್ತು: ನಹಪಾನನ ಬೆಳ್ಳಿ ನಾಣ್ಯ. ಈ ನಹಪಾನ ಸುಮಾರು 1,900 ವರ್ಷದ ಹಿಂದೆ ಗುಜರಾತ್, ನಾಸಿಕ್ ಭಾಗ ಆಳಿದ ಕ್ಷಹರಾತ ವಂಶದ ಶಕ ಕ್ಷತ್ರಪ. ನಾಣ್ಯದ ಒಂದು ಬದಿ ಅವನ ಮುಖ, ಇನ್ನೊಂದು ಬದಿ ಬಾಣ ಮತ್ತು ವಜ್ರಾಯುಧ. ಹೆಸರು ಗ್ರೀಕ್, ಬ್ರಾಹ್ಮಿ, ಖರೋಷ್ಠಿ ಮೂರು ಲಿಪಿಯಲ್ಲಿ. ಸಂಗ್ರಹಗಳಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು.

1906ರಲ್ಲಿ ನಾಸಿಕ್ ಜಿಲ್ಲೆಯ ಜೋಗಲ್‌ಥೆಂಬಿ ಅನ್ನೋ ಹಳ್ಳಿಯಲ್ಲಿ ಒಂದು ನಿಧಿ ಸಿಕ್ಕಿತು. 13,250ಕ್ಕೂ ಹೆಚ್ಚು ಬೆಳ್ಳಿ ನಾಣ್ಯ, ಎಲ್ಲ ನಹಪಾನನವೇ! ಅಪರೂಪದ ಕಾರ್ಡ್ ಒಂದೇ ಏಟಿಗೆ ‘ಕಾಮನ್’ ಆಗಿಹೋಯ್ತು. ಟಾಪ್ಸ್ ಕಥೆಗೆ ಪೂರಾ ಉಲ್ಟಾ.

ಇಲ್ಲಿ ಯಾರಾದರೂ ಚೆಂದದ ನಾಲ್ಕು ನಾಣ್ಯ ಆರಿಸಿಕೊಂಡು ಮಿಕ್ಕಿದ್ದನ್ನ ಅಕ್ಕಸಾಲಿಗನ ಮೂಸೆಗೆ ಹಾಕಿದ್ದಿದ್ರೆ ಕಥೆ ಮುಗೀತಿತ್ತು. ಸಾವಿರಾರು ನಾಣ್ಯ ಒಂದೇ ರಾಶಿಯಾಗಿ ರೆವರೆಂಡ್ ಎಚ್. ಆರ್. ಸ್ಕಾಟ್ ಅನ್ನೋ ವಿದ್ವಾಂಸರ ಕಣ್ಣಿಗೆ ಬಿದ್ದವು. ಅವರಿಗೆ ಮೊದಲು ಹೊಳೆದದ್ದು ಮುಖಗಳು. ಒಂದರಲ್ಲಿ ಎಳೆಯ ಮುಖ, ಇನ್ನೊಂದರಲ್ಲಿ ಮುದುಕ. ಮೂಗು, ಗಲ್ಲ ಒಂದಕ್ಕೊಂದು ಹೋಲೋದಿಲ್ಲ. ಇದು ಒಬ್ಬನ ಮುಖವಲ್ಲ, ಮನೆತನದ ಬೇರೆ ಬೇರೆಯವರದು ಇರಬೇಕು ಅಂತ ಅವರ ಊಹೆ. ನನಗೆ ಅಚ್ಚು ಕೊರೆದ ಬೇರೆ ಬೇರೆ ಕೈಗಳ ವ್ಯತ್ಯಾಸ ಅನ್ಸುತ್ತೆ.

ಎರಡನೆಯದು ಇನ್ನೂ ದೊಡ್ಡದು. ಆ ರಾಶಿಯಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಇನ್ನೊಬ್ಬ ರಾಜ ತನ್ನ ಮುದ್ರೆ ಒತ್ತಿದ್ದ. ಮೂರು ಕಮಾನಿನ ಬೆಟ್ಟ, ಹಿಂದೆ ಉಜ್ಜಯಿನಿ ಚಿಹ್ನೆ, ಜೊತೆಗೆ ಗೌತಮೀಪುತ್ರ ಶಾತಕರ್ಣಿ ಅನ್ನೋ ಹೆಸರು. ಎಷ್ಟೋ ನಾಣ್ಯಗಳಲ್ಲಿ ಬೆಟ್ಟದ ಅಡಿಯಿಂದ ನಹಪಾನನ ಮೂಗು, ಹಣೆ ಇಣುಕುತ್ತೆ. ಕರಗಿಸಿ ಹೊಸದು ಮಾಡೋಕಿಂತ ಇದು ಸುಲಭ. ಜನರ ಕೈಗೆ ಗೆಲುವಿನ ಸುದ್ದಿಯೂ ತಲುಪುತ್ತೆ. ನಮ್ಮ ಕಾಲದ ನೋಟ್ ಬ್ಯಾನ್ ಥರ ಅಲ್ಲ, ಹಳೇದಕ್ಕೇ ಹೊಸ ಸೀಲು.

ಇದಕ್ಕೆ ಯಾಕಿಷ್ಟು ಮಹತ್ವ? ನಾಸಿಕ್‌ನ ಪಾಂಡವಲೇಣಿಗೆ ಹೋಗಿ. 10ನೇ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತನ ಶಾಸನ ಇದೆ. ಅವನು ಗೋವರ್ಧನದ ನೇಕಾರರ ಶ್ರೇಣಿಯಲ್ಲಿ 2,000 ಕಾರ್ಷಾಪಣ ಠೇವಣಿ ಇಟ್ಟ, ಬಡ್ಡಿ ತಿಂಗಳಿಗೆ ಶೇ. 1. ಆ ಬಡ್ಡಿಯಲ್ಲಿ ಗುಹೆಯಲ್ಲಿರೋ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣದ ಬಟ್ಟೆ. ವರ್ಷಕ್ಕೆ 240, ಲೆಕ್ಕ ಸರಿಯಾಗಿ ಕೂಡುತ್ತೆ! ಹತ್ತಿರದ 3ನೇ ಗುಹೆಯಲ್ಲಿ ಶಾತಕರ್ಣಿಯ ತಾಯಿ ಗೌತಮಿ ಬಾಲಶ್ರೀಯ ಶಾಸನ. ನನ್ನ ಮಗ ಕ್ಷಹರಾತರನ್ನ ಬೇರುಸಹಿತ ಕಿತ್ತ ಅಂತಾಳೆ ಆಕೆ. ಬರೆಸಿದ್ದು ಮೊಮ್ಮಗ ಪುಳುಮಾವಿಯ 19ನೇ ವರ್ಷದಲ್ಲಿ. ಮಗನ ಬಗ್ಗೆ ತಾಯಿ ಹೇಳಿದ ಮಾತು, ಸ್ವಲ್ಪ ಉಪ್ಪು-ಖಾರ ಇರಲೇಬೇಕಲ್ವಾ? ಒಂದೆರಡು ನಾಣ್ಯದ ಮೇಲೆ ಮುದ್ರೆ ಇದ್ದಿದ್ರೆ ಗುಮಾನಿ ಉಳೀತಿತ್ತು. ರಾಶಿಯ ಮೂರರಲ್ಲಿ ಎರಡು ಪಾಲು ಮುದ್ರೆ ಹೊತ್ತು ಬಂದಾಗ ತಾಯಿಯ ಮಾತಿಗೆ ಸಾಕ್ಷಿ ಸಿಕ್ಕಿತು. ಮುದ್ರೆ ಬೀಳದ ಉಳಿದ ಸುಮಾರು 4,000 ನಾಣ್ಯವೂ ಒಂದು ಮಾತು ಹೇಳುತ್ತೆ: ರಾಜ ಬದಲಾದ ಮೇಲೂ ಹಳೇ ದುಡ್ಡು ಹೊಸದರ ಜೊತೆಗೇ ಓಡಾಡ್ತಿತ್ತು. ಇದನ್ನೆಲ್ಲ ಹೇಳಿದ್ದು ಆರಿಸಿ ತೆಗೆದ ಅಪರೂಪದ ನಾಣ್ಯವಲ್ಲ, ನಾವಾಗಿದ್ರೆ ಮೂಲೆಗೆ ಹಾಕ್ತಿದ್ದ ‘ಕಾಮನ್’ ರಾಶಿ.

ಈ ಶಾತವಾಹನರ ರಾಜಧಾನಿ ಪ್ರತಿಷ್ಠಾನ, ಅಂದ್ರೆ ಇವತ್ತಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ. ನಮ್ಮ ಕಲಬುರಗಿಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲೂ ಶಾತವಾಹನ ರಾಜರ ಹೆಸರು ಬರೆದ ಶಿಲ್ಪಗಳಿವೆ. ಪೈಠಣ ನಮಗೆ ಪರವೂರು ಅಂತ ನನಗ್ಯಾವತ್ತೂ ಅನ್ಸಿಲ್ಲ.

ಇಂಥ ರಾಶಿಗಳು ಈಗಲೂ ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಗುತ್ತವೆ. 1878ರ ನಿಧಿ ಕಾಯ್ದೆ ಪ್ರಕಾರ ಕಲೆಕ್ಟರ್‌ಗೆ ತಿಳಿಸಬೇಕು. ಎಷ್ಟೋ ಸಲ ಹಾಗಾಗಲ್ಲ, ರಾಶಿ ಒಡೆದು ಬಿಡಿಬಿಡಿಯಾಗಿ ಮಾರಾಟವಾಗುತ್ತೆ. ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು ಅನ್ನೋದು ಅಲ್ಲಿಗೇ ಅಳಿಸಿಹೋಯ್ತು. ಆನ್‌ಲೈನ್‌ನಲ್ಲಿ ‘ಶಾತವಾಹನ, ರೇರ್’ ಅಂತ ಕಂಡ್ರೆ, ಕೊಳ್ಳೋ ಮೊದಲು ಇದು ಎಲ್ಲಿಂದ ಬಂತು ಅಂತ ಮಾರೋನನ್ನ ಕೇಳಿ. ಇನ್ನೊಂದು, ವಿದೇಶಕ್ಕೆ ಹೊರಟವರಿಗೆ: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪ್ರಾಚ್ಯವಸ್ತು. ಅಜ್ಜಿಯ ಪೆಟ್ಟಿಗೆಯದ್ದೇ ಆದರೂ ಸೂಟ್‌ಕೇಸಲ್ಲಿ ಒಯ್ಯೋ ಹಾಗಿಲ್ಲ.

ವಾರಾಂತ್ಯಕ್ಕೆ ನಾಸಿಕ್ ಕಡೆ ಹೋದ್ರೆ ತ್ರ್ಯಂಬಕ ರಸ್ತೆಯ ಅಂಜನೇರಿಯಲ್ಲಿ ನಾಣ್ಯಶಾಸ್ತ್ರದ ಸಂಶೋಧನಾ ಸಂಸ್ಥೆ ಇದೆ, ಪರಮೇಶ್ವರಿ ಲಾಲ್ ಗುಪ್ತ ಅವರು 1980ರಲ್ಲಿ ಕಟ್ಟಿದ್ದು. ಪಾಂಡವಲೇಣಿಯ 3ನೇ ಗುಹೆಯಲ್ಲಿ ಇನ್ನೊಂದು ಶಾಸನ ನೋಡೋದು ಮರೀಬೇಡಿ. ಶಾತಕರ್ಣಿ ತನ್ನ 18ನೇ ವರ್ಷದಲ್ಲಿ ಸೈನ್ಯದ ಬೀಡಿನಿಂದ ಕಳಿಸಿದ ಆಜ್ಞೆ ಅದು, ಭಿಕ್ಷುಗಳಿಗೆ 200 ನಿವರ್ತನ ಹೊಲ ಕೊಟ್ಟದ್ದು. ಆ ಹೊಲ ಅದಕ್ಕೆ ಮುಂಚೆ ಯಾರದಾಗಿತ್ತು ಅಂತಲೂ ಕಲ್ಲಿನಲ್ಲೇ ಬರೆದಿದೆ: ಉಷವದಾತನದು.